ಹಲಗೆ ಬಡಿದರೂ ತಿರುಗದ ಭಾಗ್ಯಜ್ಯೋತಿ

ಬೆಳಗಿನ ಐದೂ ಹತ್ತು. ಗುಳೇದಗುಡ್ಡದ ನೇಕಾರರ ಓಣಿಯ ತುದಿಗಿರುವ ಹಳೆಯ ನೂಲಿನ ಗೋದಾಮಿನಲ್ಲಿ ಎರಡು ಟ್ಯೂಬ್‌ಲೈಟು ಉರಿಯುತ್ತಿವೆ. ನೆಟ್ಟಿನ ಆಚೆ ಮಗ್ಗ ರಿಪೇರಿ ಮಾಡುವ ರಿಜ್ವಾನ, ಈಚೆ ಅವರ ಶಿಷ್ಯೆ ಭಾಗ್ಯಜ್ಯೋತಿ. ಪುಕ್ಕದ ಶಟಲ್‌ಕಾಕು ನೆಟ್ಟಿನ ಮೇಲೆ ಎರಡೇ ಬೆರಳು ಜಾಗ ಬಿಟ್ಟು ಅತ್ತಿಂದಿತ್ತ ಹಾರುತ್ತಿದೆ. ಎಣಿಸಲು ಹೋಗಿ ಮೂವತ್ತೊಂದಕ್ಕೆ ತಪ್ಪುತ್ತೇನೆ. ನನ್ನ ಕಣ್ಣು ಅಷ್ಟು ಓಡುವುದಿಲ್ಲ, ಬ್ಯಾಟಿನ ಸಪ್ಪಳ ಕೇಳಿ ಅಂದಾಜು ಮಾಡುತ್ತಿದ್ದೇನೆ. ಭಾಗ್ಯಜ್ಯೋತಿಗೆ ಆ ಸಪ್ಪಳವೂ ಇಲ್ಲ. ಹುಟ್ಟಿನಿಂದಲೇ ಆಕೆಗೆ ಕಿವಿ ಕೇಳಿಸುವುದಿಲ್ಲ.

ಬ್ಯಾಡ್ಮಿಂಟನ್ ಆಡಿದವರಿಗೆ ಗೊತ್ತು, ಈ ಆಟದಲ್ಲಿ ಕಿವಿಗೂ ದೊಡ್ಡ ಕೆಲಸವಿದೆ. ಎದುರಿನವರು ಜೋರಾಗಿ ಬಾರಿಸಿದರೋ, ಮೆಲ್ಲಗೆ ತಟ್ಟಿದರೋ ಎಂಬುದು ಮೊದಲು ಕಿವಿಗೇ ತಿಳಿಯುತ್ತದೆ. ಆ ಸಹಾಯವಿಲ್ಲದೆ ಈಕೆ ನಾಲ್ಕು ಸಲ ಕಿವುಡರ ರಾಜ್ಯ ಚಾಂಪಿಯನ್ ಆಗಿದ್ದಾಳೆ. ನಾಲ್ಕು ಸಲ! ಊರಲ್ಲಿ ಕೇಳಿದರೆ "ಹೌದೇನ್ರಿ?" ಅನ್ನುವವರೇ ಹೆಚ್ಚು. ಅವರನ್ನು ಬೈಯುವ ಹಕ್ಕು ನನಗಿಲ್ಲ. ಹೆಂಡತಿಗೆ ಕುಪ್ಪಸದ ಖಣ ಕೊಳ್ಳಲು ಬಂದಾಗ ಅಂಗಡಿಯವರು ಹೇಳುವವರೆಗೆ ಪತ್ರಿಕೆಗೆ ಬರೆಯುವ ನನಗೂ ಗೊತ್ತಿರಲಿಲ್ಲ.

ಈಗ ಗೊತ್ತಾಗಿದೆ, ಅದೂ ಸರಿಯಾದ ಹೊತ್ತಿಗೆ. ಇನ್ನು ಹನ್ನೊಂದು ದಿನಕ್ಕೆ, ಭಾನುವಾರ, ಬಾಗಲಕೋಟೆಯ ನವನಗರದಲ್ಲಿ ಆಯ್ಕೆ ಪಂದ್ಯವಿದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕಿವುಡರ ಜಾಗತಿಕ ಕ್ರೀಡಾಕೂಟಕ್ಕೆ ಹೋಗುವ ಭಾರತ ತಂಡದಲ್ಲಿ ಮಹಿಳಾ ಸಿಂಗಲ್ಸ್‌ಗೆ ಉಳಿದಿರುವುದು ಒಂದೇ ಜಾಗ. ಗೆದ್ದವಳು ವಿಮಾನ ಹತ್ತುತ್ತಾಳೆ, ಸೋತವಳು ಮತ್ತೆ ನಾಲ್ಕು ವರ್ಷ ಕಾಯುತ್ತಾಳೆ. ಭಾಗ್ಯಜ್ಯೋತಿ ಒಮ್ಮೆ ಕಾದು ಆಗಿದೆ. ಆಕೆಗೀಗ ಇಪ್ಪತ್ತಾರು.

ಆಟ ಮುಗಿಸಿ ಬೆವರು ಒರೆಸಿಕೊಂಡು ಕುಳಿತವಳ ಮುಂದೆ ನಾನು ಮೊದಲ ತಪ್ಪು ಮಾಡುತ್ತೇನೆ. ಆಕೆಯ ಸನ್ನೆಯನ್ನು ಮಾತಿಗೆ ಇಳಿಸುವವಳು ಗೆಳತಿ ಶಮಾ, ರಿಜ್ವಾನನ ಮಗಳು, ಅಂಗನವಾಡಿಯಲ್ಲಿ ಕೆಲಸ. ಪ್ರಶ್ನೆ ಕೇಳುವಾಗ ನಾನು ಶಮಾಳ ಮುಖವನ್ನೇ ನೋಡುತ್ತಿದ್ದೇನೆ. ಭಾಗ್ಯಜ್ಯೋತಿ ನನ್ನ ಮೊಣಕಾಲಿಗೆ ಬ್ಯಾಟಿನಿಂದ ತಟ್ಟುತ್ತಾಳೆ. ಕೈಗಳು ಚುರುಕಾಗಿ ಆಡುತ್ತವೆ. ಶಮಾ ನಗುತ್ತಾ ಹೇಳುತ್ತಾಳೆ: "ನನ್ನ ಕಡೆ ನೋಡ್ರಿ ಅಂತಾಳ. ಮಾತು ನಂದು, ಶಮಾಂದು ಬರೇ ಬಾಯಿ ಅಂತಾಳ."

ಅಲ್ಲಿಂದ ಮುಂದೆ ಆಕೆಯನ್ನೇ ನೋಡುತ್ತೇನೆ. ನೋಡದೆ ಇರುವುದೂ ಕಷ್ಟ. ಕಣ್ಣು, ಹುಬ್ಬು, ಭುಜ, ಹತ್ತು ಬೆರಳು, ಎಲ್ಲವೂ ಒಮ್ಮೆಲೇ ಮಾತಾಡುತ್ತವೆ.

ಹೆಸರಿನ ಕಥೆಯನ್ನು ಅವ್ವ ಶಾರವ್ವ ಹೇಳುತ್ತಾರೆ. ಬಡವರ ಮನೆಗೆ ಸರ್ಕಾರ ಕೊಡುತ್ತಿದ್ದ ಭಾಗ್ಯಜ್ಯೋತಿ ಬಲ್ಬು ಇವರ ಮನೆಯಲ್ಲಿ ಉರಿದ ವಾರವೇ ಈಕೆ ಹುಟ್ಟಿದ್ದು. "ಮನ್ಯಾಗ ಲೈಟೂ ಬಂತು, ಕೂಸೂ ಬಂತು. ಮತ್ತೇನ್ ಹೆಸರಿಡೂದ್ರಿ?" ಕೂಸಿಗೆ ಕೇಳಿಸುತ್ತಿಲ್ಲ ಎಂದು ತಿಳಿದದ್ದು ಎರಡು ವರ್ಷದ ಮೇಲೆ. ನಾಲ್ಕು ದವಾಖಾನೆ ಅಲೆದರು. ಐದನೆಯದಕ್ಕೆ ಹೊರಟಾಗ ಅಪ್ಪ ಯಂಕಪ್ಪ, "ಸಾಕು, ಹುಡುಗಿ ನಗಾಕತ್ತೈತಿ, ನಾವ್ಯಾಕ ಅಳೂದು?" ಎಂದು ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಕರೆತಂದರಂತೆ.

ಮನೆಯಲ್ಲಿ ಎರಡು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆಯ ಮೇಲೆ ಕುಳಿತು ನೇಯಬೇಕು. ಹನ್ನೆರಡನೆಯ ವಯಸ್ಸಿಗೇ ಭಾಗ್ಯಜ್ಯೋತಿ ಒಂದು ಮಗ್ಗಕ್ಕೆ ಕುಳಿತಳು. ಸಾವಿರಾರು ಎಳೆಗಳಲ್ಲಿ ಯಾವುದು ಹರಿಯಲಿದೆ ಎಂದು ಅಪ್ಪನಿಗಿಂತ ಮೊದಲೇ ಕಂಡುಹಿಡಿಯುತ್ತಿದ್ದಳು. ಕಾಕು ಎಲ್ಲಿ ಬೀಳುತ್ತದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಅದನ್ನೇ ನೆನಪಿಸುತ್ತಾಳೆ: "ಎಳಿ ಹರಿಯೂದಕ್ಕ ಮೊದಲ ಸಣ್ಣಂಗ ನಡಗತೈತ್ರಿ. ಆಡೋರ ಮಣಿಕಟ್ಟೂ ಹಂಗ. ನಾ ಕಾಕ್ ನೋಡೂದಿಲ್ಲ, ಮಣಿಕಟ್ಟ ನೋಡ್ತೇನಿ."

ರಿಜ್ವಾನ ಒಂದು ಕಾಲಕ್ಕೆ ಜಿಲ್ಲಾ ಮಟ್ಟದಲ್ಲಿ ಆಡಿದವರು. ಸಂಜೆ ಗೋದಾಮಿನಲ್ಲಿ ಗೆಳೆಯರೊಂದಿಗೆ ಬ್ಯಾಟು ಬೀಸುವಾಗ ಶಮಾಳ ಜೊತೆ ಈ ಹುಡುಗಿ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. "ಎರಡು ವಾರ ಬರೇ ನೋಡಿದ್ಲು. ಒಂದಿನ ಬ್ಯಾಟ್ ಕೊಟ್ಟೆ. ಮರುದಿನ ನಾನ ಸೋತೆ, ಖರೆ ಹೇಳ್ತೇನಿ," ಎನ್ನುತ್ತಾರೆ. ಶಮಾ ಕೆಮ್ಮುತ್ತಾಳೆ. "ಮರುದಿನ ಅಲ್ಲ, ಆರು ತಿಂಗಳಿಗೆ," ಎಂದು ತಿದ್ದುತ್ತಾಳೆ.

ಗೋದಾಮಿನ ಮಾಡು ಹದಿನಾರು ಅಡಿ. ಬ್ಯಾಡ್ಮಿಂಟನ್ನಿಗೆ ಇದು ಏನೇನೂ ಸಾಲದು. ಕಾಕು ಎತ್ತಿ ಹೊಡೆದರೆ ತೊಲೆಗೆ ಬಡಿದು ಕೆಳಗೆ ಬೀಳುತ್ತದೆ. ಹಾಗಾಗಿ ಭಾಗ್ಯಜ್ಯೋತಿ ಎತ್ತುವುದನ್ನೇ ಕಲಿಯಲಿಲ್ಲ. ನೆಟ್ಟಿಗೆ ಸವರಿಕೊಂಡು ಹೋಗುವ ಚಪ್ಪಟೆ ಹೊಡೆತವೇ ಆಕೆಯ ಆಟವಾಯಿತು. ಎತ್ತರದ ಹೊಡೆತ ರೂಢಿಯಾಗಲೆಂದು ಈಗ ವಾರಕ್ಕೆರಡು ದಿನ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗಿ ಬರುತ್ತಾಳೆ. ಉಳಿದ ದಿನ ನಾಲ್ಕೂವರೆಗೆ ಏಳುವುದು, ಐದರಿಂದ ಏಳರವರೆಗೆ ಆಟ, ಅದರಲ್ಲಿ ಮುನ್ನೂರು ಸರ್ವ್. ಎಂಟಕ್ಕೆ ಮಗ್ಗ, ಸಂಜೆಯೊಳಗೆ ಐದೋ ಆರೋ ಖಣ. ಕಾಕುಗಳೆಲ್ಲ ಬಾಗಲಕೋಟೆಯ ಆಟಗಾರರು ಬಿಸಾಕಿದವು. ಮುರಿದ ಪುಕ್ಕವನ್ನು ಶಮಾ ಖಣದ ರೇಷ್ಮೆ ಎಳೆಯಿಂದ ಬಿಗಿದು ಕಟ್ಟುತ್ತಾಳೆ. ಕೆಂಪು, ಹಸಿರು ದಾರ ಸುತ್ತಿಕೊಂಡ ಕಾಕು ಹಾರುವುದನ್ನು ನೋಡುವುದೇ ಒಂದು ಖುಷಿ.

ಕಿವಿ ಕೇಳಿಸುವವರ ಪಂದ್ಯಗಳಲ್ಲಿ ಈಕೆ ಎರಡು ಸಲ ಆಡದೆಯೇ ಸೋತಿದ್ದಾಳೆ. ಹೆಸರನ್ನು ಮೈಕಿನಲ್ಲಿ ಕರೆದರು, ಈಕೆ ಹೊರಗೆ ಲೌಡ್‌ಸ್ಪೀಕರಿನ ಪಕ್ಕದಲ್ಲೇ ಕುಳಿತಿದ್ದಳು. ಬರಲಿಲ್ಲವೆಂದು ಎದುರಿನವರನ್ನು ಗೆಲ್ಲಿಸಿಬಿಟ್ಟರು. ಹೇಳುವಾಗ ಈಗಲೂ ಆಕೆಯ ಹುಬ್ಬು ಗಂಟಿಕ್ಕುತ್ತದೆ. "ಮೂರು ಸಲ ಕರದೇವಿ ಅಂದ್ರು. ಮೂವತ್ತು ಸಲ ಕರದ್ರೂ ಅಷ್ಟ ಅಲ್ಲೇನ್ರಿ?"

ಆದರೆ ಆಕೆಯನ್ನು ನಿಜವಾಗಿ ಕಾಡಿದ ಸೋಲು ಬೇರೆ. ನಾಲ್ಕು ವರ್ಷದ ಹಿಂದೆ, ಹುಬ್ಬಳ್ಳಿಯಲ್ಲಿ, ಇದೇ ಆಯ್ಕೆಯ ಕೊನೆಯ ಪಂದ್ಯ. ಎದುರಿಗೆ ಮೈಸೂರಿನ ಎಡಗೈ ಆಟಗಾರ್ತಿ. ಮೂರನೆಯ ಗೇಮು, ಇಬ್ಬರದೂ ಹತ್ತೊಂಬತ್ತು. ಮೈಸೂರಿನ ಹುಡುಗಿ ಕಾಕಿಗಾಗಿ ಮುಂದೆ ನುಗ್ಗಿ ಎರಡು ಹೆಜ್ಜೆ ಧಡ್ ಧಡ್ ಎಂದು ಊರಿದಳು. ಭಾಗ್ಯಜ್ಯೋತಿ ಆಟ ಬಿಟ್ಟು ಗಕ್ಕನೆ ಹಿಂದಕ್ಕೆ ತಿರುಗಿದಳು!

ಯಾಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಶಾರವ್ವನಿಗೆ ಮಾತ್ರ ಕೂಡಲೇ ಗೊತ್ತಾಯಿತು. ಮಗ್ಗದ ಮುಂದೆ ಬೆನ್ನು ಮಾಡಿ ಕುಳಿತ ಮಗಳನ್ನು ಕರೆಯಲು ಮನೆಯಲ್ಲಿ ಒಂದೇ ದಾರಿ. ಆಕೆ ಕುಳಿತ ಹಲಗೆಗೆ ಹಿಮ್ಮಡಿಯಿಂದ ಎರಡು ಸಲ ಬಡಿಯುವುದು. ಊಟಕ್ಕೆ, ನೀರಿಗೆ, ಯಾರೋ ಬಂದರೆಂದು ಹೇಳಲಿಕ್ಕೆ, ಹತ್ತು ವರ್ಷ ಎಲ್ಲದಕ್ಕೂ ಅದೇ ಎರಡು ಬಡಿತ. ಗೋದಾಮಿನ ನೆಲ ಕಲ್ಲಿನದು, ಅದರಲ್ಲಿ ಏನೂ ಅದುರುವುದಿಲ್ಲ. ಹುಬ್ಬಳ್ಳಿಯ ಅಂಗಣಕ್ಕೆ ಮರದ ನೆಲ. ಮೈಸೂರಿನವಳ ಹೆಜ್ಜೆ ಅದರೊಳಗಿಂದ ಬಂದು ಅಂಗಾಲಿಗೆ ತಟ್ಟಿದಾಗ ಈಕೆ, ಅವ್ವ ಕರೆದಳೆಂದು ತಿರುಗಿದ್ದಳು. ಆ ಪಾಯಿಂಟು ಹೋಯಿತು, ಕಂಗಾಲಾಗಿ ಮುಂದಿನದೂ ಹೋಯಿತು.

"ನಾನ ಸೋಲಿಸಿದ್ನೆಲ್ರಿ ಮಗಳನ್ನ," ಎಂದು ಶಾರವ್ವ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಮಗಳು ಅವ್ವನ ಗಲ್ಲ ಹಿಂಡಿ, ತಲೆ ಅಡ್ಡಡ್ಡ ಆಡಿಸುತ್ತಾಳೆ.

ಇದಕ್ಕೆ ರಿಜ್ವಾನ ಹುಡುಕಿದ ಮದ್ದು ನನಗೆ ಭಾರೀ ಇಷ್ಟವಾಯಿತು. ಓಣಿಯಲ್ಲಿ ಸಿಕ್ಕ ಹಳೆಯ ಬಾಗಿಲು, ಮುರಿದ ಮಗ್ಗದ ಹಲಗೆಗಳನ್ನೆಲ್ಲ ಹೊತ್ತು ತಂದು ಕಲ್ಲು ನೆಲದ ಮೇಲೆ ಜೋಡಿಸಿದರು. ಭಾಗ್ಯಜ್ಯೋತಿ ಅದರ ಮೇಲೆ ಆಡಬೇಕು, ಉಳಿದವರು ತುದಿಗೆ ನಿಂತು ಧಡ್ ಧಡ್ ಎಂದು ಕುಣಿಯಬೇಕು. ಶಾರವ್ವ ಕುಣಿದರು, ಶಮಾ ಕುಣಿದಳು. ಪಕ್ಕದ ಮನೆಯ ಬಿಬಿಜಾನ ಅಜ್ಜಿ ಮೊಣಕಾಲು ನೋವೆನ್ನುತ್ತಲೇ ಬಂದು ಕೋಲಿನಿಂದ ಬಡಿದರು. ಮೊದಲ ವಾರ ನೂರಕ್ಕೆ ತೊಂಬತ್ತು ಸಲ ಭಾಗ್ಯಜ್ಯೋತಿ ತಿರುಗಿದಳು. ವರ್ಷದ ಕೊನೆಗೆ ಒಮ್ಮೆಯೂ ಇಲ್ಲ.

ಮನೆಯಲ್ಲೂ ಇಲ್ಲ! "ಈಗ ಹಲಗಿ ಎಷ್ಟ ಬಡದ್ರೂ ನೋಡೂದಿಲ್ರಿ," ಎನ್ನುತ್ತಾರೆ ಶಾರವ್ವ, ಸಿಟ್ಟೋ ಹೆಮ್ಮೆಯೋ ತಿಳಿಯದಂತೆ. "ಎದ್ದು ಹೋಗಿ ಭುಜಾ ಮುಟ್ಟಬೇಕು. ಅಷ್ಟರಾಗ ರೊಟ್ಟಿ ಆರಿ ಹೋಗಿರ್ತಾವ."

ಇಷ್ಟೆಲ್ಲ ಕೇಳಿದ ಮೇಲೂ ನನ್ನ ತಲೆಗೆ ಬುದ್ಧಿ ಬರಲಿಲ್ಲ. ಕಾಲೇಜಿನಲ್ಲಿ ನಾನೂ ಆಡಿದವನೇ ಎಂದು ಬ್ಯಾಟು ಹಿಡಿದೆ. ಇಪ್ಪತ್ತೊಂದಕ್ಕೆ ಮೂರು. ಆ ಮೂರರಲ್ಲಿ ಒಂದು, ಆಕೆ ನನ್ನನ್ನು ನೋಡಿ ನಗುತ್ತಾ ನೆಟ್ಟಿಗೆ ಹೊಡೆದದ್ದು.

ಭಾನುವಾರ ನವನಗರದ ಅಂಗಣದಲ್ಲಿ ಕುಳಿತು ಉಗುರು ಕಚ್ಚುತ್ತಿದ್ದೇನೆ. ಮೂರು ಪಂದ್ಯ ಗೆದ್ದು ಭಾಗ್ಯಜ್ಯೋತಿ ಕೊನೆಯದಕ್ಕೆ ಬಂದಿದ್ದಾಳೆ. ಎದುರಿಗೆ ಅದೇ ಮೈಸೂರಿನ ಎಡಗೈ. ಗುಳೇದಗುಡ್ಡದಿಂದ ಎರಡು ಟಂಟಂ ಆಟೋ ತುಂಬ ಜನ ಬಂದಿದ್ದಾರೆ. ರಿಜ್ವಾನ ಕೂಗುವಂತಿಲ್ಲ, ಕೂಗಿದರೂ ಉಪಯೋಗವಿಲ್ಲ. ಪಾಯಿಂಟಿನ ನಡುವೆ ಕೈಸನ್ನೆ ಮಾಡುತ್ತಾರೆ. ಎಲ್ಲ ಮಗ್ಗದವರ ಸನ್ನೆ. ನೂಲು ಸುತ್ತುವಂತೆ ಕೈ ತಿರುಗಿಸಿದರೆ ಆಟ ಉದ್ದ ಮಾಡು, ಎರಡು ಬೆರಳು ಕತ್ತರಿಯಾಡಿಸಿದರೆ ಮುಗಿಸು. "ಮೈಸೂರಿನವ್ರು ಎಷ್ಟ ನೋಡಿದ್ರೂ ತಿಳಿಯೂದಿಲ್ಲ, ಬಿಡ್ರಿ," ಎಂದು ನನಗೆ ಕಣ್ಣು ಮಿಟುಕಿಸುತ್ತಾರೆ.

ಮೊದಲ ಗೇಮು ಕೈತಪ್ಪುತ್ತದೆ. ಮೈಸೂರಿನವಳು ಕಾಕನ್ನು ಎತ್ತಿ ಎತ್ತಿ ಹಿಂದಿನ ಗೆರೆಗೆ ಹಾಕುತ್ತಾಳೆ, ಭಾಗ್ಯಜ್ಯೋತಿ ಓಡಿ ಓಡಿ ಸುಸ್ತಾಗುತ್ತಾಳೆ. ಎರಡನೆಯದರಲ್ಲಿ ಚಪ್ಪಟೆ ಹೊಡೆತ ಕೆಲಸ ಮಾಡುತ್ತದೆ, ಗೋದಾಮಿನ ಆಟ! ಮೂರನೆಯದು ಅವಳೊಂದು ಇವಳೊಂದು ಎಂದು ಸಾಗಿ ಹದಿನೇಳಕ್ಕೆ ಹದಿನೇಳು. ಅಲ್ಲಿ ಎದುರಿನವಳು ಮುಂದೆ ನುಗ್ಗುತ್ತಾಳೆ. ಧಡ್ ಧಡ್. ಮರದ ನೆಲ ಅದುರುವುದು ನನ್ನ ಚಪ್ಪಲಿಗೂ ತಿಳಿಯುತ್ತದೆ. ಶಾರವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಭಾಗ್ಯಜ್ಯೋತಿ ಕಣ್ಣು ಸಹ ಕದಲಿಸದೆ ಕಾಕನ್ನು ಮೈಸೂರಿನವಳ ಪಕ್ಕಕ್ಕೆ ಒತ್ತಿ ಪಾಯಿಂಟು ತೆಗೆದುಕೊಳ್ಳುತ್ತಾಳೆ. ಶಾರವ್ವನ ಹಿಡಿತ ಮಾತ್ರ ಸಡಿಲವಾಗುವುದಿಲ್ಲ, ನನ್ನ ತೋಳಿನ ಮೇಲೆ ಎರಡು ದಿನ ಕಲೆ ಇತ್ತು.

ಇಪ್ಪತ್ತಕ್ಕೆ ಇಪ್ಪತ್ತು. ಈಗ ಗೆಲ್ಲಬೇಕೆಂದರೆ ಎರಡು ಪಾಯಿಂಟು ಸಾಲಾಗಿ ಬೇಕು. ಒಂದು ಸಿಗುತ್ತದೆ. ರಿಜ್ವಾನನ ಎರಡು ಬೆರಳು ಕತ್ತರಿಯಾಡುತ್ತಿವೆ, ಹೊಡೆದು ಮುಗಿಸು ಎಂದು. ಆಕೆ ನೋಡುತ್ತಾಳೆ, ಸರ್ವ್ ಮಾಡುತ್ತಾಳೆ. ಹದಿನೈದು ಹೊಡೆತ, ಇಪ್ಪತ್ತು ಹೊಡೆತ. ಮೈಸೂರಿನವಳು ಮತ್ತೊಂದು ಚಪ್ಪಟೆ ಹೊಡೆತವೇ ಬರುತ್ತದೆಂದು ನೆಟ್ಟಿನ ಹತ್ತಿರ ಬ್ಯಾಟು ಚಾಚಿ ನಿಂತಿದ್ದಾಳೆ. ಭಾಗ್ಯಜ್ಯೋತಿ ಮಣಿಕಟ್ಟು ಸಣ್ಣಗೆ ತಿರುವಿ ಕಾಕನ್ನು ಮೇಲಕ್ಕೆ, ಮೇಲಕ್ಕೆ, ಆ ದೊಡ್ಡ ಮಾಡಿನ ದೀಪಗಳವರೆಗೆ ಎತ್ತಿಬಿಡುತ್ತಾಳೆ! ಎಲ್ಲರ ಕತ್ತೂ ಮೇಲೆ. ಎದುರಿನವಳು ಹಿಂದಕ್ಕೆ ಓಡುತ್ತಾಳೆ, ಬ್ಯಾಟು ಬೀಸುತ್ತಾಳೆ, ಸಿಗುವುದಿಲ್ಲ. ಕಾಕು ಗೆರೆಯ ಮೇಲೆಯೇ ಬೀಳುತ್ತದೆ. ಗೆರೆ ನೋಡುವವರು ಕೈ ಕೆಳಗೆ ಮಾಡಿ ತೋರಿಸುತ್ತಾರೆ: ಒಳಗೆ.

"ನಾ ಕತ್ತರಸು ಅಂದ್ರ ಈಕಿ ಮುಗಿಲಿಗೆ ಒಗದ್ಲಲ್ಲೋ!" ಎಂದು ರಿಜ್ವಾನ ತಲೆಯ ಮೇಲೆ ಕೈ ಹೊತ್ತು ನಗುತ್ತಿದ್ದಾರೆ, ಅಳುತ್ತಿದ್ದಾರೆ. ಕಿವುಡ ಆಟಗಾರರೆಲ್ಲ ಎರಡೂ ಕೈ ಎತ್ತಿ ಬೆರಳು ಅಲ್ಲಾಡಿಸುತ್ತಿದ್ದಾರೆ, ಅದು ಅವರ ಚಪ್ಪಾಳೆ. ಗುಳೇದಗುಡ್ಡದವರು ಸೀಟಿ ಹೊಡೆಯುತ್ತಿದ್ದಾರೆ. ನಾನು ಎರಡನ್ನೂ ಮಾಡುತ್ತೇನೆ, ನಡುವೆ ಒಂದಿಷ್ಟು ಅಳುತ್ತೇನೆ. ಮುಚ್ಚಿಡುವುದೇಕೆ?

ಗದ್ದಲ ಇಳಿದ ಮೇಲೆ ನಾನು ನೋಟ್‌ಬುಕ್ಕು ಹಿಡಿದು ಹತ್ತಿರ ಹೋಗುತ್ತೇನೆ. ಮೈಸೂರಿನ ಹುಡುಗಿಯೂ ಭಾಗ್ಯಜ್ಯೋತಿಯೂ ಹೆಗಲಿಗೆ ಹೆಗಲು ಕೊಟ್ಟು ಕುಳಿತು ಸನ್ನೆಯಲ್ಲಿ ಹರಟುತ್ತಿದ್ದಾರೆ. ಆಟ ನೋಡುತ್ತಾ ನಾನು ಗೀಚಿಕೊಂಡ ಮೊದಲ ಸಾಲು ಭಾಗ್ಯಜ್ಯೋತಿಯ ಕಣ್ಣಿಗೆ ಬೀಳುತ್ತದೆ: "ಕಿವಿ ಕೇಳದ, ಬಡ ನೇಕಾರರ ಮನೆಯ ಈ ಪಾಪದ ಹುಡುಗಿ..." ಓದುತ್ತಾಳೆ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲನ್ನು ಅಡ್ಡಕ್ಕೆ ಹೊಡೆಯುತ್ತಾಳೆ. ಆಮೇಲೆ ನಿಧಾನವಾಗಿ, ನನಗೂ ಅರ್ಥವಾಗಲೆಂದು ಒಂದೊಂದೇ ಸನ್ನೆ ಮಾಡುತ್ತಾಳೆ. ಶಮಾ ಬಾಯಿ ಕೊಡುತ್ತಾಳೆ.

"ಪಾಪ ಅಂತ ಬರೀಬ್ಯಾಡ್ರಿ. ಎಷ್ಟಕ್ಕ ಎಷ್ಟು ಅಂತ ಬರೀರಿ."

ಬರೆದಿದ್ದೇನೆ: 19–21, 21–15, 22–20.