ಒಂದು ಬಾಗಿಲಿನ ಎರಡು ಅಂಗಡಿ

ಮೈಸೂರಿನ ಹಳೇ ಪೇಟೆಯಲ್ಲಿ ಕಲ್ಲುಕಂಬದ ಸಾಲು ಅಂದರೆ ಆಟೋದವರು ಮರುಮಾತಿಲ್ಲದೆ ತಂದು ಇಳಿಸುತ್ತಿದ್ದರು. ಈಗ ಅಲ್ಲಿ ಕಂಬವೂ ಇಲ್ಲ, ಸಾಲೂ ಇಲ್ಲ. ಸುತ್ತ ತಗಡಿನ ಬೇಲಿ, ಬೇಲಿಯ ಮೇಲೆ ಮುಂದೆ ಏಳಲಿರುವ ಗಾಜಿನ ಕಟ್ಟಡದ ಬಣ್ಣದ ಚಿತ್ರ. ಚಿತ್ರದೊಳಗೆ ಓಡಾಡುವ ಗಿರಾಕಿಗಳಂಥ ಉದ್ದ ಕಾಲಿನವರನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ. ಆ ಅಂಗಡಿ ಸಾಲಿನ ನಡುಮಧ್ಯದಲ್ಲಿ ಸರ್ವಮಂಗಳಾ ಎಂಬ ಹೆಂಗಸು ವಿಭೂತಿ, ರುದ್ರಾಕ್ಷಿ, ಶಿವದಾರ ಮಾರುತ್ತಿದ್ದಳು. ಕಟ್ಟಡ ಕೆಡವುವ ಸುದ್ದಿ ಹಬ್ಬಿದಾಗ ಪೇಪರಿನವರು ಬಂದು ಕಂಬದ ಫೋಟೋ ತೆಗೆದುಕೊಂಡು ಹೋದರು. ಕಂಬದ ಹಿಂದೆ ಕೂತವಳನ್ನು ಯಾರೂ ಮಾತಾಡಿಸಲಿಲ್ಲ.

ಅಂಗಡಿ ಅವಳ ಮಾವನ ಕಾಲದ್ದು, ಆಮೇಲೆ ಗಂಡ ಷಡಕ್ಷರಿಯದು. ಅವನಿದ್ದಷ್ಟು ದಿನ ಅವಳು ಅಲ್ಲಿಗೆ ಬರುತ್ತಿದ್ದುದು ಊಟದ ಡಬ್ಬಿ ಕೊಡಲು ಮಾತ್ರ. ಅವನು ಲಿಂಗೈಕ್ಯನಾದ ವಾರದೊಳಗೆ ಬಂದು ಗಲ್ಲಾದ ಹಿಂದೆ ಕೂತುಬಿಟ್ಟಳು. ಮಗ ನೋಡಿಕೊಳ್ಳುತ್ತಾನೆ ಬಿಡು ಎಂದು ನೆಂಟರು ಬುದ್ಧಿ ಹೇಳಿದರು. ಮಗ ಶಿವಕಿರಣನಿಗೆ ಆಗ ರುದ್ರಾಕ್ಷಿಗೂ ಹುಣಸೆ ಬೀಜಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೊದಮೊದಲು ಗಿರಾಕಿ ಗದರಿದರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಬರಬರುತ್ತಾ ಅವಳೇ ಗದರಲು ಕಲಿತಳು. ಮಂಗಳಮ್ಮನ ಅಂಗಡಿಯ ವಿಭೂತಿ ಗಟ್ಟಿಯೇ ಆಗಬೇಕು ಎಂದು ಮಠಗಳಿಂದ ಆಳು ಬರುವಂತಾಯಿತು. ಮನೆಯಲ್ಲಿ ಅವಳು ಯಾರದೋ ಸೊಸೆ, ಯಾರದೋ ತಾಯಿ. ಇಲ್ಲಿ ಮಾತ್ರ ಅವಳಿಗೊಂದು ಹೆಸರಿತ್ತು.

ಪಕ್ಕದ ಅಂಗಡಿ ದೇವಿರಮ್ಮನದು. ಅರಿಶಿನ, ಕುಂಕುಮ, ಬಳೆ, ಮದುವೆಯ ಬಾಸಿಂಗ. ಮಂಡಕಳ್ಳಿಯಿಂದ ಸಿಟಿ ಬಸ್ಸು ಹಿಡಿದು ಬರುತ್ತಿದ್ದಳು. ಮನೆಯಲ್ಲಿ ಗಂಡ ಜವರಯ್ಯ, ಮಗಳು ಸಿಂಚನ. ಇಡೀ ಸಾಲಿನಲ್ಲಿ ಹೆಂಗಸರು ಅಂದರೆ ಇವರಿಬ್ಬರೇ. ಗಂಡಸರಿಗೇನು, ಯಾವ ಗೋಡೆಯಾದರೂ ಆದೀತು. ಇವರು ಬಸ್ ಸ್ಟ್ಯಾಂಡಿನ ಶೌಚಾಲಯದವರೆಗೆ ಹೋಗಿ ಬರಬೇಕು, ಅಷ್ಟು ಹೊತ್ತು ಅಂಗಡಿ ಕಾಯುವವರು ಯಾರು? ಒಂದು ಮಳೆಗಾಲದಲ್ಲಿ ಎರಡು ಅಂಗಡಿಗಳ ನಡುವಿನ ಗೋಡೆ ಅರ್ಧಕ್ಕರ್ಧ ಕುಸಿಯಿತು. ಸರ್ವಮಂಗಳಾ ಗಾರೆಯವನನ್ನು ಕರೆಸಲು ಹೊರಟಳು.

"ಕಟ್ಟೋದ್ಯಾಕಕ್ಕ," ಅಂದಳು ದೇವಿರಮ್ಮ. "ಮಿಕ್ಕಿದ್ದೂ ತೆಗ್ಸಿಬುಡಣ. ನೀ ಎದ್ದಾಗ ನಾ ನೋಡ್ಕತೀನಿ, ನಾ ಎದ್ದಾಗ ನೀ ನೋಡ್ಕೊ."

ಗೋಡೆ ಹೋಯಿತು. ದೇವಿರಮ್ಮನ ಕಡೆಯ ಷಟರ್ ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಅದನ್ನು ಖಾಯಮ್ಮಾಗಿ ಇಳಿಸಿ, ಒಳಗಿನಿಂದ ಬಳೆಯ ಸ್ಟ್ಯಾಂಡ್ ಆನಿಸಿಟ್ಟರು. ಅಂದಿನಿಂದ ಎರಡು ಅಂಗಡಿಗೂ ಒಂದೇ ಬಾಗಿಲು. ಬೆಳಿಗ್ಗೆ ಇಬ್ಬರೂ ಸೇರಿ ಎತ್ತುವರು, ಸಂಜೆ ಇಬ್ಬರೂ ಸೇರಿ ಎಳೆಯುವರು. ವ್ಯಾಪಾರ ಬೇರೆ, ಗಲ್ಲಾ ಬೇರೆ, ಬಾಡಿಗೆ ಬೇರೆ. ಒಂದು ದಿನವೂ ಅದರ ವಿಷಯಕ್ಕೆ ಒಂದು ಮಾತು ಬಂದದ್ದಿಲ್ಲ.

ಮಾತು ಬರುತ್ತಿದ್ದುದು ಊಟದ ಹೊತ್ತಿಗೆ. ದೇವಿರಮ್ಮ ಮುದ್ದೆ, ಸೊಪ್ಪಿನ ಸಾರು ತಂದು, ಮಂಗಳಕ್ಕನಿಗೂ ಒಂದು ಪಾಲು ಮುಂದಿಡುವಳು. ಸರ್ವಮಂಗಳಾ ಬೇಡ ಅನ್ನುವಳು. ಅವಳ ತವರಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲಕ್ಕೇ ಕೈ ಚಾಚಿದವರನ್ನು ಕಂಡರೆ ನಗುತ್ತಿದ್ದರು. ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ಮನೆತನಕ್ಕೆ. ಮೂರನೇ ಸಲ ಕೇಳಿದರೆ ತಟ್ಟೆ ಹಿಡಿಯಬಹುದು. ದೇವಿರಮ್ಮನ ಊರಿನಲ್ಲಿ ಹಸಿವಿದ್ದವರು ಉಣ್ಣುತ್ತಾರೆ, ಇಲ್ಲದವರು ಇಲ್ಲ ಅನ್ನುತ್ತಾರೆ. ಮೊದಲ ತಿಂಗಳು ಅವಳು ಪಾಪ, ಬೇಡ ಅಂದದ್ದನ್ನು ನಂಬಿ ಮುದ್ದೆಯನ್ನು ಡಬ್ಬಿಗೆ ವಾಪಸ್ಸು ಹಾಕಿದಳು. ಗುಟ್ಟು ಗೊತ್ತಾದ ಮೇಲೆ, "ಎಲ್ಡು ಬ್ಯಾಡ ಆಯ್ತಲ್ಲಕ್ಕ, ಈಗ ತಟ್ಟೆ ತಗಿ," ಎಂದು ನಗುತ್ತಾ ಬಡಿಸುತ್ತಿದ್ದಳು.

ಹೀಗಿರುವಾಗ ಹಳೇಪೇಟೆ ಪುನರ್‌ನಿರ್ಮಾಣದ ಕಚೇರಿ ಬಂತು. ಕಟ್ಟಡ ಬಿರುಕು ಬಿಟ್ಟಿದ್ದು ನಿಜ, ಮಳೆ ಬಂದರೆ ಮೇಲಿಂದ ಸುಣ್ಣದ ಹೆಂಟೆ ಬೀಳುತ್ತಿದ್ದುದೂ ನಿಜ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಯೋಗೇಂದ್ರ ಎಂಬ ಎಂಜಿನಿಯರು ಟೇಪು ಹಿಡಿದು ಬಂದು ಸಾಲನ್ನೆಲ್ಲ ಅಳೆದು, ತೆರೆದಿದ್ದ ಪ್ರತಿ ಷಟರಿಗೂ ಒಂದೊಂದು ನಂಬರು ಬರೆಸಿದ. ನಂಬರಿಗೊಂದು ತಾತ್ಕಾಲಿಕ ಮಳಿಗೆ, ಮುಂದೆ ಹೊಸ ಕಟ್ಟಡದಲ್ಲೊಂದು ಅಂಗಡಿ. ಸರ್ವಮಂಗಳಾ ಮತ್ತು ದೇವಿರಮ್ಮನಿಗೆ ಸೇರಿ ಬಂದದ್ದು ಒಂದೇ ನಂಬರು.

ಇಬ್ಬರೂ ಬಾಡಿಗೆ ರಸೀತಿ ಹಿಡಿದು ಓಡಿದರು. ಯೋಗೇಂದ್ರ ಒಳ್ಳೆಯವನೇ. ಕುರ್ಚಿ ಹಾಕಿಸಿ ಕೂರಿಸಿ, ಎಲ್ಲ ಕೇಳಿ, ಮಹಡಿಯ ಮೇಲೆ ಕಳಿಸಿದ. ಮೇಲಿನವರು ಇನ್ನೊಂದು ಕಚೇರಿಗೆ ಕಳಿಸಿದರು. ಆ ಕಚೇರಿಯವರು ಯೋಗೇಂದ್ರನನ್ನೇ ಕೇಳಿ ಎಂದರು. ವರ್ತಕರ ಸಂಘದ ಲೋಕೇಶ ಮಾತಾಡುತ್ತೇನೆ ಅಂದವನು, ತನಗೆ ಮೂಲೆಯ ಮಳಿಗೆ ಸಿಕ್ಕಿದ ಮೇಲೆ ಫೋನೆತ್ತುವುದನ್ನು ಬಿಟ್ಟ.

"ಬಾಡಿಗೆ ಎರಡು ಕಟ್ಟಿರಬಹುದಮ್ಮ. ಸರ್ವೆ ದಿನ ಸ್ಥಳದಲ್ಲಿ ಇದ್ದದ್ದು ಒಂದೇ ಬಾಗಿಲು," ಎಂದ ಯೋಗೇಂದ್ರ ಕೊನೆಗೆ. "ಇಬ್ಬರು ಸೇರಿ ನಡೆಸೋದಕ್ಕೂ ಬಿಡೋದಿಲ್ಲ. ಒಳಬಾಡಿಗೆ ಅಂತ ಬರೆದು ರದ್ದು ಮಾಡ್ತಾರೆ. ಶನಿವಾರದೊಳಗೆ ಒಬ್ಬರ ಹೆಸರು ಹೇಳಿ. ಇಲ್ಲದಿದ್ದರೆ ಅದೂ ಹೋಗುತ್ತೆ. ನನ್ನ ಕೈಲಿ ಇರೋದು ಇಷ್ಟೇ."

ಗೋಡೆ ತೆಗೆದದ್ದು ತಾವು, ಷಟರ್ ಇಳಿಸಿದ್ದೂ ತಾವು. ಬೈಯಲು ಕೂಡ ಯಾರೂ ಸಿಗದ ಸಂಕಟ ಅದು.

ಸರ್ವಮಂಗಳೆಗೆ ಆ ಮಳಿಗೆ ಬೇಕಿತ್ತು. ಮನೆಯಲ್ಲಿ ಊಟಕ್ಕೇನೂ ಕಷ್ಟವಿರಲಿಲ್ಲ. ಮಗ ಬಟ್ಟೆಯ ಷೋರೂಮಿನಲ್ಲಿದ್ದ, ಸೊಸೆ ನಿಶ್ಚಿತಾ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದನ್ನು ನೆನೆದರೇ ಎದೆ ಝಲ್ಲೆನ್ನುತ್ತಿತ್ತು. ಬಾಯಿ ಬಿಟ್ಟು ಕೇಳಲು ಮಾತ್ರ ಆಗುತ್ತಿರಲಿಲ್ಲ. ದೇವಿರಮ್ಮನೇ ಅಂದರೆ ಸಾಕು ಎಂದು ದಿನವೂ ಕಾದಳು.

ಶುಕ್ರವಾರ ಮಧ್ಯಾಹ್ನ ದೇವಿರಮ್ಮ ಅಂದಳು: "ಅಕ್ಕ, ನಿನ್ನೆಸ್ರೇ ಬರ್ಸು."

ಸರ್ವಮಂಗಳೆಯ ಜೀವ ಹಗುರಾಯಿತು. "ಬೇಡ ಕಣೆ, ನಿನ್ನದೇ ಇರಲಿ," ಎಂದಳು.

"ನಿಜವಾಗ್ಲೂ ಅಂತಿವ್ನಿ. ನೀನೇ ಇಟ್ಕೊ."

"ಬೇಡ ಅಂದೆನಲ್ಲ ದೇವಿರಿ. ಜವರಯ್ಯನವರು ಮಂಡಿ ನೋವಿಗೆ ಫ್ಯಾಕ್ಟರಿ ಬಿಟ್ಟು ಮನೇಲಿ ಕೂತಿದಾರೆ. ಸಿಂಚನ ನರ್ಸಿಂಗ್ ಓದ್ತಿದಾಳೆ. ನಿನಗೇ ಬೇಕಾಗಿರೋದು."

ಹೇಳಿ ಕಾದಳು. ದೇವಿರಮ್ಮ ಬಟ್ಟೆ ತೆಗೆದುಕೊಂಡು ಬಳೆಯ ಸ್ಟ್ಯಾಂಡಿನ ಧೂಳು ಒರೆಸತೊಡಗಿದಳು. ಯಾರೋ ಬಂದು ಅರಿಶಿನ ಕೊಂಡು ಹೋದರು. ದೇವಿರಮ್ಮ ಮತ್ತೆ ಅದೇ ಸ್ಟ್ಯಾಂಡನ್ನು ಮೇಲಿನಿಂದ ಕೆಳಗೆ ಒರೆಸಿದಳು, ತಿರುಗಿ ನೋಡಲಿಲ್ಲ.

"ಸರಿ ಬುಡಕ್ಕ," ಎಂದಳು, ತುಂಬ ಹೊತ್ತಾದ ಮೇಲೆ. "ನೀ ಇಷ್ಟು ಅಂದ್ ಮ್ಯಾಕೆ."

ಒಂದು ಮುದ್ದೆಗೆ ಮೂರು ಸಲ ಕೇಳುತ್ತಿದ್ದವಳು. ಮರೆತು ಹಾಗಂದಳು ಎಂದು ನಂಬಲು ಸರ್ವಮಂಗಳಾ ರಾತ್ರಿಯೆಲ್ಲ ಪ್ರಯತ್ನಪಟ್ಟಳು, ಆಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ನೋಡಿದಳು, ಅದೂ ಆಗಲಿಲ್ಲ. ಆ ಜಾಗದಲ್ಲಿ ತಾನಿದ್ದರೆ ತಾನೂ ಧೂಳು ಒರೆಸುತ್ತಿದ್ದಳು. ಮಾರನೇ ದಿನ ಯೋಗೇಂದ್ರ ಯಾರ ಹೆಸರು ಎಂದು ಕೇಳಿದಾಗ ಅವಳ ನಾಲಗೆ ತುದಿಗೆ ತನ್ನ ಹೆಸರೇ ಬಂದಿತ್ತು. ಅಷ್ಟರಲ್ಲಿ ದೇವಿರಮ್ಮ ಸಣ್ಣ ದನಿಯಲ್ಲಿ ತನ್ನ ಹೆಸರು ಹೇಳಿ ಆಗಿತ್ತು.

ಹಳೇ ಮೈದಾನದ ತಗಡಿನ ಶೆಡ್ಡಿನಲ್ಲಿ ದೇವಿರಮ್ಮನ ಮಳಿಗೆ ಶುರುವಾಯಿತು. ಉಳಿದ ವಿಭೂತಿ, ಶಿವದಾರಗಳನ್ನೆಲ್ಲ ಸರ್ವಮಂಗಳಾ ಅಲ್ಲಿಗೇ ಸಾಗಿಸಿದಳು. ಮನೆಯಲ್ಲಿಟ್ಟುಕೊಂಡು ಏನು ಮಾಡುವುದು? ಕೆಲವು ದಿನ ಅತ್ತ ಹೋಗಬಾರದು ಎಂದುಕೊಂಡಳು. ಸೊಸೆ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿ, ಅವಳ ಮುಖ ಸಣ್ಣಗಾದದ್ದನ್ನು ನೋಡಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ದೇವಿರಮ್ಮ ಕಂಡೊಡನೆ ಒಳಗೆ ಸ್ಟೂಲು ಹಾಕಿದಳು. ಆಡಬೇಕಾದ ಮಾತನ್ನು ಇಬ್ಬರೂ ಆಡಲಿಲ್ಲ. ಹಳೆಯ ಗಿರಾಕಿಗಳು "ಮಂಗಳಮ್ಮ, ಇಲ್ಲಿಗೆ ಬಂದ್ರಾ?" ಎಂದು ಕೇಳಿದರೆ ಸರ್ವಮಂಗಳಾ ಹೂಂ ಅನ್ನುವಳು. ದಿನಾ ಬರುವುದು ರೂಢಿಯಾಯಿತು. ಮನೆಯಲ್ಲೂ ಅವಳು ಮೊದಲಿನಂತೆ ಮಾತಾಡತೊಡಗಿದಳು.

ಒಂದು ಸೋಮವಾರ, ವಿಭೂತಿಗೆ ಜನ ಬರುವ ಹೊತ್ತು. ಸರ್ವಮಂಗಳಾ ಒಳಗೆ ಕೂತು ಗಟ್ಟಿಗಳನ್ನು ಆರಿಸಿಡುತ್ತಿದ್ದಳು. ಕೊರಳಿಗೆ ಕಾರ್ಡು ತಗುಲಿಸಿಕೊಂಡ ಹೊಸ ಅಧಿಕಾರಿಯೊಬ್ಬ ಮಳಿಗೆ ಮಳಿಗೆ ಇಣುಕುತ್ತಾ ಬಂದು ಇವರ ಮುಂದೆ ನಿಂತ.

"ಇಬ್ಬರಿದೀರಲ್ಲ. ಮಳಿಗೆ ಯಾರದು?"

"ನಂದೇ ಸ್ವಾಮಿ," ಎಂದಳು ದೇವಿರಮ್ಮ.

"ಮತ್ತೆ ಇವರು ಯಾರು? ಒಳಬಾಡಿಗೆಯಾ?"

ದೇವಿರಮ್ಮ ಗಲ್ಲಾ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು, ಮತ್ತೆ ತೆಗೆದಳು. ಸರ್ವಮಂಗಳಾ ಅವಳ ಮುಖ ನೋಡಿದಳು. ಎದ್ದು, ಕೈಯ ಬಿಳಿಯನ್ನು ಸೆರಗಿಗೆ ಒರೆಸಿಕೊಂಡು, ಮಳಿಗೆಯಿಂದಿಳಿದು ಅಧಿಕಾರಿಯ ಪಕ್ಕ ನಿಂತಳು.

"ಗಿರಾಕಿ," ಎಂದಳು. "ಕಾಲು ನೋವು ಅಂತ ಒಂದು ಗಳಿಗೆ ಕೂತಿದ್ದೆ."

ಅಧಿಕಾರಿ ಹೋಗಲಿಲ್ಲ. ಇಬ್ಬರನ್ನೂ ನೋಡುತ್ತಾ ಅಲ್ಲೇ ನಿಂತ.

"ವಿಭೂತಿ ಎರಡು ಗಟ್ಟಿ ಕೊಡೀಮ್ಮ," ಎಂದಳು ಸರ್ವಮಂಗಳಾ.

ಅಷ್ಟು ವರ್ಷಗಳಲ್ಲಿ ಅವಳು ದೇವಿರಮ್ಮನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ದೇವಿರಮ್ಮ ತಲೆ ಎತ್ತದೆ ಪೊಟ್ಟಣ ಕಟ್ಟಿಕೊಟ್ಟಳು. ಸರ್ವಮಂಗಳಾ ಚೀಲದಿಂದ ದುಡ್ಡು ತೆಗೆದು ಮುಂದಿಟ್ಟಳು, ಅಧಿಕಾರಿ ನೋಡುತ್ತಿದ್ದುದರಿಂದ ದೇವಿರಮ್ಮ ಅದನ್ನು ಎಣಿಸಿ ಗಲ್ಲಾಕ್ಕೆ ಹಾಕಿದಳು. ಇನ್ನು ಅಲ್ಲಿ ನಿಲ್ಲಲು ಸರ್ವಮಂಗಳೆಗೆ ಕಾರಣವೇ ಇರಲಿಲ್ಲ. ಕೊಂಡಾದ ಮೇಲೆ ಗಿರಾಕಿ ಹೋಗಬೇಕು. ಅವಳು ಹೊರಟಳು, ಮತ್ತೆ ಆ ಕಡೆ ಬರಲಿಲ್ಲ.