ಕಳಚಿದ ಭಾಗವನ್ನು ಕೇಳಲು ಕಲಿಸಿದವರು

ಕುಮಾಸಿ ನಗರದಲ್ಲಿ ವಾಹನ ದುರಸ್ತಿ ಕಲಿಸಿದವರು ಅನೇಕರಿದ್ದಾರೆ. ಆ ವಿದ್ಯೆಗೂ ಒಂದು ಮಾನವಿದೆಯೆಂದು ಹಟ ಹಿಡಿದು ಕಲಿಸಿದವರಲ್ಲಿ ಶ್ರೀಮತಿ ಅಬೆನಾ ಫ್ರಿಂಪೊಮಾ ಅವರ ಹೆಸರು ಮೊದಲು ಬರುತ್ತದೆ. ಅವರು ತಾಂತ್ರಿಕ ಶಾಲೆಗೆ ಅಧ್ಯಾಪಕಿಯಾಗಿ ಬಂದಾಗ, ಹೆಂಗಸೊಬ್ಬಳು ಗಾಡಿಯಡಿ ಮಲಗಿ ಪಾಠ ಹೇಳುವುದನ್ನು ನೋಡಿ ನಗಲೆಂದೇ ಜನ ಬೇಲಿಯಾಚೆ ನಿಲ್ಲುತ್ತಿದ್ದರು. ಮುಂದೆ ತಮ್ಮ ಗಾಡಿ ಕೆಟ್ಟಾಗ ಅವರೇ ಈಕೆಯ ಬಾಗಿಲು ತಟ್ಟಿದರು. ರಜೆಯ ದಿನ ಅಂಥವರೊಡನೆ ಗ್ಯಾರೇಜಿಗೆ ಹೋಗಿ, "ಕಳಚಿದ್ದನ್ನ ಕೈಗೆ ಕೊಡು, ಹೊಸದರ ಡಬ್ಬಿ ನಮ್ಮ ಕಣ್ಣೆದುರೇ ತೆಗಿ" ಎಂದು ಪಟ್ಟು ಹಿಡಿದು ನಿಲ್ಲುವುದು ಅವರ ರೂಢಿಯಾಗಿತ್ತು.

ಇಂಥವರಿಗೆ ಅತ್ಯಂತ ಕಹಿಯನ್ನು ಉಣಿಸಿದವನು ಅವರ ಕೈಯಲ್ಲೇ ಪಳಗಿದ, ಅವರು ಮಗನಂತೆ ಮೆಚ್ಚಿದ್ದ ಬೆದಿಯಾಕೊ. ಸೂಲಗಿತ್ತಿ ಸೆರ್ವಾ ತಮ್ಮ ಕಾರಿನ ಬ್ರೇಕ್ ಕಿರುಗುಟ್ಟುತ್ತದೆಂದು ಅವನ ಗ್ಯಾರೇಜಿನಲ್ಲಿ ಬಿಟ್ಟರು. ಫ್ರಿಂಪೊಮಾ ಅವರ ಶಿಷ್ಯನೆಂಬ ಒಂದೇ ನಂಬಿಕೆಯಿಂದ ಹಳೆಯ ಭಾಗವನ್ನು ಕೇಳದೆಯೇ ದುರಸ್ತಿಯಾದ ಕಾರನ್ನು ಒಯ್ದರು. ಮರುದಿನ ಆಸ್ಪತ್ರೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ. ರಸ್ತೆಯ ಬದಿಯಲ್ಲಿ ಕೆಂಕೆ ಮುದ್ದೆ ಮಾರುತ್ತಿದ್ದ ಅಡೋಮಾ ಎಂಬಾಕೆಯ ಕಾಲು ಕಾರಿನಡಿ ಮುರಿಯಿತು.

ತಪ್ಪು ಓಡಿಸಿದವಳದೇ ಎಂದು ಗ್ಯಾರೇಜು ಮಾಲೀಕರ ಸಂಘ ಒಕ್ಕೊರಲಿನಿಂದ ಸಾರಿತು. ಸಂಘದ ಅಧ್ಯಕ್ಷರು ಫ್ರಿಂಪೊಮಾ ಅವರನ್ನು ಕರೆಸಿ, "ಮೇಡಂ, ನಿಮ್ಮ ಹುಡುಗ ಅವನು. ಕೆಲಸ ಸರಿಯಾಗಿತ್ತು ಅಂತ ಒಂದು ಮಾತು ಹೇಳಿಬಿಡಿ" ಎಂದರು.

"ಮೊದಲು ಚಕ್ರ ಬಿಚ್ಚಿ, ಆಮೇಲೆ ಮಾತು" ಎಂದವರೇ ಎಲ್ಲರೆದುರು ತಾವೇ ಬಿಚ್ಚಿದರು. ಒಳಗಿದ್ದ ಬ್ರೇಕ್ ಪ್ಯಾಡಿಗೆ ಹೊಸ ಬಣ್ಣ ಬಳಿದಿತ್ತು. ಬಣ್ಣದಡಿಯಲ್ಲಿ ಸವೆದು ಬರಿಯ ಕಬ್ಬಿಣ ಉಳಿದಿತ್ತು.

"ಇದನ್ನ ನಾನು ಕಲಿಸಿದ್ನೇನೋ?"

"ಎಲ್ಲರೂ ಮಾಡ್ತಾರೆ ಮೇಡಂ," ಬೆದಿಯಾಕೊ ತಲೆ ತಗ್ಗಿಸಿದ. "ನಾನೊಬ್ಬನೇ ಅಲ್ಲ."

"ಆಸ್ಪತ್ರೆಗೆ ನಡಿ. ಆ ಕಾಲು ನೋಡ್ತಾ ಅಡೋಮಾ ಹತ್ರ ಇದೇ ಮಾತು ಹೇಳು, ಬಾ!"

ಅವನನ್ನು ಕರೆದೊಯ್ದೇ ಬಿಟ್ಟರು. ಮಂಚದ ಪಕ್ಕ ನಿಂತು ಅವನು ಆ ಮುರಿದ ಕಾಲನ್ನು ನೋಡಿದ. ಅಲ್ಲಿಂದ ನೇರ ಪೊಲೀಸರ ಬಳಿ ಹೋಗಿ ತಪ್ಪೊಪ್ಪಿಕೊಂಡ, ಗ್ಯಾರೇಜು ಮುಚ್ಚಿತು. ಮಗನಂಥವನ ಮೋಸವನ್ನು ತಾವೇ ಬಯಲಿಗೆಳೆದ ನೋವು ಫ್ರಿಂಪೊಮಾ ಅವರನ್ನು ಬಹಳ ದಿನ ಕಾಡಿತು. ಸಂಘವಾದರೋ ಅವರ ವಿದ್ಯಾರ್ಥಿಗಳಿಗೆ ಎಲ್ಲ ಗ್ಯಾರೇಜುಗಳ ಬಾಗಿಲು ಮುಚ್ಚಿಸಿತು! ಕ್ಷಮೆ ಕೇಳಿರೆಂದು ಶಾಲೆಯ ಮುಖ್ಯಸ್ಥರೇ ಒತ್ತಾಯಿಸಿದರು. ಅವರು ಕೇಳಲಿಲ್ಲ. ಗುಜರಿ ಕಾರುಗಳನ್ನು ಶಾಲೆಯ ಅಂಗಳಕ್ಕೆ ಎಳೆತರಿಸಿ ಅಲ್ಲಿಯೇ ಕಲಿಸಿದರು. ಅಡೋಮಾ ನಡೆಯುವಂತಾಗುವವರೆಗೂ ಆಕೆಯ ಮಾರಾಟದ ಮೇಜನ್ನು ಅದೇ ಅಂಗಳದಲ್ಲಿ ಹಾಕಿಸಿ ವಿದ್ಯಾರ್ಥಿಗಳನ್ನೇ ಗಿರಾಕಿಗಳನ್ನಾಗಿ ಮಾಡಿದರು.

ಈಗ ಅವರ ನಿವೃತ್ತಿಯ ನೆನಪಿಗೆ ಹೊರಬರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಅದೇ ಸಂಘ ಶುಭಾಶಯ ಕಳಿಸಿತ್ತು. ಸಂಪಾದಕರು ಅದನ್ನು ಅಚ್ಚು ಹಾಕಲಿಲ್ಲ, ಸರಿಯಾಗಿಯೇ ಮಾಡಿದರು. ಬಣ್ಣ ಬಳಿದ ಕಬ್ಬಿಣದ ಮೇಲೆ ಈಗಲೂ ಈ ಊರಿನ ಎಷ್ಟೋ ಜೀವಗಳು ಓಡಾಡುತ್ತಿರುವಾಗ ಹೊಗಳಿಕೆಯ ಹಾರ ಯಾರಿಗೆ ಬೇಕು?

ಬೀಳ್ಕೊಡುಗೆಯ ದಿನ ಸಹೋದ್ಯೋಗಿಯೊಬ್ಬರು, "ಇನ್ನಾದ್ರೂ ಮನೇಲಿ ಕೂತ್ಕೊಳ್ಳಿ ಮೇಡಂ" ಎಂದರು.

"ಮೋಸಗಾರರಿಗೂ ನಿವೃತ್ತಿ ಆಯ್ತೇನ್ರೀ?" ಎಂದು ಫ್ರಿಂಪೊಮಾ ಕೇಳಿದರು.

ಅವರಿಗೆ ದೀರ್ಘಾಯುಷ್ಯವಿರಲಿ, ಮೈಯಲ್ಲಿ ಕಸುವಿರಲಿ. ಆ ಸಿಟ್ಟು ಮಾತ್ರ ಎಂದಿಗೂ ಆರದಿರಲಿ.