ಖಾಲಾ ಹೇಳಿದ ಬರ್ಫದ ಮಾತು

ಮೊಮ್ಮಗಳು ಫ್ರಿಜ್ಜಿನ ಮೇಲಿನ ಖಾನೆಯನ್ನು ಚಮಚದಿಂದ ಕೆರೆಯುತ್ತಿದ್ದಳು. ಬಿಳಿ ಪುಡಿ ಪರಾತಕ್ಕೆ ಬಿತ್ತು. ಬೆರಳಿಂದ ಮುಟ್ಟಿದೆ. ಮೊದಲು ಮೆತ್ತಗಿತ್ತು, ಆಮೇಲೆ ಚುರುಕ್ ಅಂದಿತು. ಸವಣೂರಿನಲ್ಲಿ ನಮ್ಮ ನೆರೆಮನೆಯ ಖಾಲಾ ಹೇಳುತ್ತಿದ್ದ ಬರ್ಫ, ಆ ಆಕಾಶದಿಂದ ಉದುರುವ ಹಿಮ, ಇದೇ ಇರಬೇಕು ಅನಿಸಿತು...

ಮುಸಲ್ಮಾನರು ಅವ್ವನ ಅಕ್ಕತಂಗಿಯರನ್ನು ಖಾಲಾ ಅನ್ನುತ್ತಾರೆ. ನಮ್ಮ ಓಣಿಯೆಲ್ಲ ಆಕೆಯನ್ನು ಹಾಗೇ ಕರೆಯುತ್ತಿತ್ತು. ಬೆಳಗಾವಿಯಲ್ಲಿ ಇಂಗ್ರೇಜಿ ಸಾಹೇಬರೊಬ್ಬರ ಮಕ್ಕಳನ್ನು ಆಡಿಸುತ್ತಿದ್ದವಳು. ಸ್ವಾತಂತ್ರ್ಯ ಬಂದಾಗ ಅವರು ತಮ್ಮ ದೇಶಕ್ಕೆ ಹೊರಟರು, ಇವಳನ್ನೂ ಹಡಗು ಹತ್ತಿಸಿಕೊಂಡು ಹೋದರು. ಆ ಮಕ್ಕಳು ದೊಡ್ಡವರಾದ ಮೇಲೆ ತಿರುಗಿ ಬಂದಳು. ನಾನು ಮದುವೆಯಾಗಿ ಬಂದಾಗ ಆಕೆ ಕಟ್ಟೆಯ ಮೇಲೆ ಕುಂತು ಎಲೆ ಮಡಚುತ್ತಿದ್ದಳು.

ಆಕೆಯ ಮಾತೆಲ್ಲ ಅಲ್ಲಿಯ ಹವಾದ್ದು. ಅಲ್ಲಿಯ ಮಂದಿ ಊಟ ಆಯಿತೇ ಎಂದು ಕೇಳುವುದಿಲ್ಲವಂತೆ. ಎದುರು ಸಿಕ್ಕರೆ ಮೋಡ, ಗಾಳಿ, ಬರ್ಫ... ಅಷ್ಟೇ. ಹಲ್ಲು ಕಟಕಟ ಅನ್ನುವಾಗಲೂ ಸ್ವಲ್ಪ ತಂಪು ಅನ್ನುತ್ತಾರಂತೆ. ಬರ್ಫ ಬೀಳುವ ಮೊದಲೇ ಅದರ ವಾಸನೆ ಬಂತು ಅನ್ನುತ್ತಾರಂತೆ. ಬಿದ್ದರೆ, ಇದು ನೆಲ ಹಿಡಿಯುತ್ತದೋ ಕರಗುತ್ತದೋ ಎಂದು ದಿನವೆಲ್ಲ ಚರ್ಚೆ. ಅರ್ಧ ಮಳೆ ಅರ್ಧ ಬರ್ಫ ಬಿದ್ದರೆ ಅದಕ್ಕೆ ಬೇರೆ ಹೆಸರು, ಬೇರೆ ಬೈಗುಳ. ಕೆಲಸವಿಲ್ಲದ ಮಂದಿ ಎಂದುಕೊಂಡಿದ್ದೆ ನಾನು.

ಆಗ ನಮ್ಮ ಮನೆ ಪಾಲಾಯಿತು. ನನ್ನ ಒಡಹುಟ್ಟಿದ ಅಕ್ಕನೇ ನನಗೆ ನೆಗೆಣ್ಣಿ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಎಮ್ಮೆ ಯಾರ ಪಾಲಿಗೆ ಎಂದು ಗಂಡಸರು ಕೂಗಾಡಿದರು. ನಾವಿಬ್ಬರು ಅವರಿಗಿಂತ ಜೋರು ಕೂಗಾಡಿದೆವು. ಅಂಗಳದ ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ನಾನು ಚೊಚ್ಚಲ ಬಸುರಿ. ಅವ್ವ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಹೆರಿಗೆಯಲ್ಲಿ ಕೈ ಹಿಡಿಯಬೇಕಾದವಳು ಅಕ್ಕ ಒಬ್ಬಳೇ. ಹೆದರಿಕೆ ಬಹಳ ಇತ್ತು, ಬಾಯಿ ಬಿಡುತ್ತಿರಲಿಲ್ಲ. ಏನೆಂದು ಮಾತು ತೆಗೆಯುವುದು? ಒಲೆ ಎರಡಾದ ಮನೆಯಲ್ಲಿ ಊಟ ಆಯಿತೇ ಎಂದರೆ ಚುಚ್ಚುಮಾತು. ನಿನ್ನ ಪಾಲಿಗೆ ಬಂದದ್ದು ಸಾಕಾಯಿತೇ ಎಂದು ಕೇಳಿದ ಹಾಗೆ.

ಖಾಲಾ ಒಂದು ದಿನ ಗದರಿದಳು. "ಮಳಿ ಮಾತಾಡು ಬೇಟಿ."

"ಮಳಿ ಆಕಿಗೂ ಕಾಣತೈತಿ. ನಾ ಯಾಕ ಹೇಳ್ಲಿ?"

"ಅದಕ್ಕ ಹೇಳಬೇಕು ಹುಚ್ಚಿ. ಇಬ್ರಿಗೂ ಕಾಣೂದನ್ನ ಹೇಳಿದ್ರ ಜಗಳಕ್ಕ ಜಾಗಾ ಎಲ್ಲೈತಿ?"

ಆಮೇಲೆ ತನ್ನದು ಹೇಳಿದಳು. ಅಲ್ಲಿ ಪಕ್ಕದ ಮನೆಯ ಮುದುಕಿ ಇವಳ ಮುಖ ಕಂಡರೆ ಬಾಗಿಲು ಹಾಕುತ್ತಿದ್ದಳಂತೆ. ಮೊದಲ ಬರ್ಫ ಬಿದ್ದ ಬೆಳಿಗ್ಗೆ ಅದೇ ಬಾಗಿಲು ತೆರೆದು, ಬಂತು ನೋಡು, ಅಂದಳಂತೆ. ಹಿಂಜಿದ ಹತ್ತಿ ಸುರಿದ ಹಾಗೆ ಬೀದಿ ಬೆಳ್ಳಗೆ, ಸದ್ದೇ ಇಲ್ಲ... ಅವತ್ತಿನಿಂದ ಇಬ್ಬರೂ ಹವಾ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಒಂದು ದಿನವೂ ಬಿಡಲಿಲ್ಲ.

ಮರುದಿನ ಜಡಿಮಳೆ. ಅಕ್ಕ ಓಣಿಯ ಕಡೆಯ ತನ್ನ ಬಾಗಿಲಲ್ಲಿ ನಿಂತ ನೀರು ಗುಡಿಸುತ್ತಿದ್ದಳು. ನಾನು ನನ್ನ ಹೊಸ್ತಿಲಲ್ಲಿ ನಿಂತು ಗಾಳಿಗೆ ಹೇಳಿದ ಹಾಗೆ, "ಅಕ್ಕಾ, ಭಾಳ ಥಂಡಿ ಐತಲ್ಲ" ಅಂದೆ.

ಅವಳು ಕಸಬರಿಗೆ ನಿಲ್ಲಿಸಲಿಲ್ಲ. "ಥಂಡಿ ಇದ್ರ ಒಳಗ ಕುಂದ್ರು. ಬಸುರಿ ಹೆಂಗಸು, ಬರಿಗಾಲಾಗ ಯಾಕ ನಿಂತಿ?"

ಬೈಸಿಕೊಂಡು ನನಗೆ ಆರಾಮಾಯಿತು. ಮರುದಿನ ಅವಳೇ, "ಇವತ್ತೂ ಬಿಡೂ ಹಂಗ ಕಾಣವಲ್ದು" ಅಂದಳು. ಹೌದು ಅಂದೆ. ಎಮ್ಮೆಯ ಮಾತು ಯಾರೂ ಎತ್ತಲಿಲ್ಲ.

ಹೆರಿಗೆ ಬ್ಯಾನಿ ಹತ್ತಿದ ಮಧ್ಯಾಹ್ನ ಕೊಡ ಬಗ್ಗಿಸಿದಂಥ ಮಳೆ. ಖಾಲಾ ಗೋಡೆಯಾಚೆ ಕೂಗಿದಳು. ಅಕ್ಕ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದಳು. ಬಾಗಿಲಲ್ಲಿ ಅದನ್ನು ಝಾಡಿಸಿ, "ಎಂಥಾ ಮಳಿ!" ಅಂದಳು. ಅಷ್ಟೇ. ಸೆರಗು ಸಿಗಿಸಿ ನೀರು ಕಾಯಿಸಲು ಕುಂತಳು. ನನಗೆ ಮಗಳು ಹುಟ್ಟಿದಳು.

ಖಾಲಾ ಕೂಸನ್ನು ನೋಡಿ, "ಬರ್ಫದಂಗ ಬೆಳ್ಳಗೈತಿ" ಅಂದಳು. ಕೂಸು ಬಾಣಲೆಯ ತಳದ ಬಣ್ಣ. "ಖಾಲಾ, ನಿನ್ನ ವಿಲಾಯತಿ ಕಣ್ಣಿಗೆ ಪೊರಿ ಬಂದೈತಿ" ಅಂದಳು ಅಕ್ಕ. ನಗಬೇಡ ಎಂದರೂ ಕೇಳದೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಖಾಲಾ ಹೋಗಿ ಎಷ್ಟೋ ವರ್ಷವಾಯಿತು. ಬಂಕಾಪುರದ ತಂಗಿಯ ಮನೆಯಲ್ಲಿ ತೀರಿಕೊಂಡಳು. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲು ನಮಗೆ ಆಗಲಿಲ್ಲ... ಪರಾತದ ಬಿಳಿ ಪುಡಿಯೂ ನೋಡುತ್ತಿದ್ದಂತೆ ನೀರಾಯಿತು.

ಹಿರೇಕೆರೂರಿನಲ್ಲಿ ಮಗನ ಹತ್ತಿರ ಇರುವ ಅಕ್ಕನಿಗೆ ಫೋನ್ ಹಚ್ಚಿಸಿದೆ. ಅವಳಿಗೆ ಈಗ ಕಿವಿ ಮಂದ. "ಅಕ್ಕಾ, ಅಲ್ಲಿ ಮೋಡ ಆಗೇತೇನು?" ಎಂದು ಕೂಗಿದೆ.

"ತಡಿ," ಅಂದಳು, "ಕಿಡಕಿ ತಗದು ನೋಡಿ ಹೇಳ್ತೇನಿ."